ಟಾಪ್ ತೋರಿಸುವ ಒಂದಕ್ಷರ: ಯುನಿಕ್ಸ್ ಪ್ರೊಸೆಸ್ ಸ್ಥಿತಿಗಳನ್ನು ಓದುವ ಸಮಗ್ರ ಮಾರ್ಗದರ್ಶಿ

ಸರ್ವರ್ ನಿಧಾನವಾಗಿದೆ ಎಂಬ ದೂರು ಬಂದಾಗ ಹೆಚ್ಚಿನವರು ಮೊದಲು ತೆರೆಯುವುದು ಪ್ರೊಸೆಸ್‌ಗಳ (ಚಾಲನೆಯಲ್ಲಿರುವ ಪ್ರೋಗ್ರಾಮ್‌ಗಳ) ಪಟ್ಟಿ ತೋರಿಸುವ ಟಾಪ್ ಅಥವಾ ಎಚ್‌ಟಾಪ್. ಕಣ್ಣು ತಾನಾಗಿಯೇ ಸಿಪಿಯು ಶೇಕಡಾವಾರಿನ ಮೇಲೆ, ಆಮೇಲೆ ಮೆಮೊರಿಯ ಮೇಲೆ ಬೀಳುತ್ತದೆ. ಸಿಪಿಯು ಕಾಲಂಗೆ ಎಡಕ್ಕೆ ಅಂಟಿಕೊಂಡಂತೆ ಒಂದೇ ಅಕ್ಷರದ ಅಗಲವಿರುವ, ಎಸ್ ಎಂಬ ತಲೆಬರಹದ ಇನ್ನೊಂದು ಕಾಲಂ ಇರುವುದನ್ನು ಗಮನಿಸುವವರು ಕಡಿಮೆ. ಆದರೆ ಸಿಪಿಯು ಖಾಲಿ ಇದ್ದರೂ ಲೋಡ್ ಆವರೇಜ್ (ಯಂತ್ರದ ಮೇಲಿನ ಹೊರೆಯ ಸರಾಸರಿ) 40 ದಾಟಿರುವ ಸಂದರ್ಭದಲ್ಲಿ, ಅಥವಾ ಕಿಲ್ ಆಜ್ಞೆಗೆ ಪ್ರೊಸೆಸ್ ಜಗ್ಗದೇ ಇರುವಾಗ, ಏನಾಗಿದೆ ಎಂಬುದಕ್ಕೆ ಮೊದಲ ಸುಳಿವು ಸಿಗುವುದು ಆ ಅಕ್ಷರದಲ್ಲೇ.

ಈ ಅಕ್ಷರಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದರಿಂದ ಹೆಚ್ಚು ಉಪಯೋಗವಿಲ್ಲ. ಪ್ರತಿ ಅಕ್ಷರದ ಎದುರು ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಈ ಸ್ಥಿತಿಯಿಂದ ಪ್ರೊಸೆಸ್ಸನ್ನು ಹೊರತರುವ ಅಧಿಕಾರ ಯಾರ ಕೈಯಲ್ಲಿದೆ? ಕರ್ನಲ್‌ನ (ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನ) ಭಾಗವಾಗಿ ಸಿಪಿಯು ಸರದಿ ಹಂಚುವ ಶೆಡ್ಯೂಲರ್ ಕೈಯಲ್ಲೇ, ಯಾವುದೋ ಡಿಸ್ಕಿನ ಕೈಯಲ್ಲೇ, ಸಿಗ್ನಲ್ (ಪ್ರೊಸೆಸ್ಸಿಗೆ ಕೊಡುವ ಸೂಚನೆ) ಕಳಿಸುವ ನಮ್ಮ ಕೈಯಲ್ಲೇ, ಅಥವಾ ಅದನ್ನು ಹುಟ್ಟಿಸಿದ ಪೇರೆಂಟ್ ಪ್ರೊಸೆಸ್ ಕೈಯಲ್ಲೇ? ಉತ್ತರ ಗೊತ್ತಾದರೆ ಮುಂದೆ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಿ ಪ್ರಯೋಜನವಿಲ್ಲ, ಎಂಬುದು ಸ್ಪಷ್ಟವಾಗುತ್ತದೆ.

ಇಲ್ಲಿನ ವಿವರಣೆ ಲಿನಕ್ಸ್‌ನ ಟಾಪ್ ಮತ್ತು ಪಿಎಸ್ ಆಜ್ಞೆಗಳನ್ನು ಆಧರಿಸಿದೆ. ಬೇರೆ ಯುನಿಕ್ಸ್‌ಗಳಲ್ಲಿನ ವ್ಯತ್ಯಾಸಗಳು ಕೊನೆಯಲ್ಲಿವೆ. ಆಜ್ಞೆಗಳನ್ನು ಕನ್ನಡ ಅಕ್ಷರಗಳಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಸ್ಥಿತಿಯ ಅಕ್ಷರಗಳು ಮಾತ್ರ, ಬೇರೆ ಹೇಳದಿದ್ದರೆ, ದೊಡ್ಡ ಅಕ್ಷರಗಳು.

ಹಂತ 1: ಸ್ಥಿತಿಯನ್ನು ಸರಿಯಾದ ಜಾಗದಲ್ಲಿ ನೋಡುವುದು

ಟಾಪ್‌ನ ಮೇಲ್ಭಾಗದಲ್ಲಿ ಟಾಸ್ಕ್ಸ್ ಎಂಬ ಸಾಲು ಇರುತ್ತದೆ. ಅಲ್ಲಿ ಒಟ್ಟು ಪ್ರೊಸೆಸ್‌ಗಳೆಷ್ಟು, ಅವುಗಳಲ್ಲಿ ಓಡುತ್ತಿರುವವು, ಮಲಗಿರುವವು, ನಿಲ್ಲಿಸಲ್ಪಟ್ಟವು ಮತ್ತು ಝಾಂಬಿಗಳು (ಮುಗಿದರೂ ಪಟ್ಟಿಯಲ್ಲಿ ಉಳಿದವು) ಎಷ್ಟೆಷ್ಟು ಎಂಬ ಎಣಿಕೆ ಕಾಣುತ್ತದೆ. ಈ ಸಾಲನ್ನು ಪೂರ್ತಿ ನಂಬಬಾರದು. ಚಾಲ್ತಿಯಲ್ಲಿರುವ ಬಹಳಷ್ಟು ಆವೃತ್ತಿಗಳಲ್ಲಿ ಎಲ್ಲಕ್ಕಿಂತ ತೊಂದರೆಯ ಸ್ಥಿತಿಯಾದ ಡಿ ಕೂಡ ಮಲಗಿರುವವುಗಳ ಎಣಿಕೆಯಲ್ಲೇ ಸೇರಿಹೋಗುತ್ತದೆ. ಕೆಲವು ಹೊಸ ಆವೃತ್ತಿಗಳು ಮಾತ್ರ ಅದನ್ನು ಬೇರೆಯಾಗಿ ತೋರಿಸುತ್ತವೆ. ಆದ್ದರಿಂದ ಪ್ರತಿ ಪ್ರೊಸೆಸ್ಸಿನ ಅಕ್ಷರವನ್ನೇ ನೋಡುವುದು ಸರಿ. ಅದಕ್ಕೆ ನನಗೆ ಟಾಪ್‌ಗಿಂತ ಪಿಎಸ್ ಹೆಚ್ಚು ಅನುಕೂಲಕರವೆನಿಸುತ್ತದೆ:

ಪಿಎಸ್ -ಇಓ ಸ್ಟ್ಯಾಟ್,ಪಿಐಡಿ,ಪಿಪಿಐಡಿ,ಡಬ್ಲ್ಯೂಚಾನ್:32,ಸಿಎಂಡಿ

ಇದರಲ್ಲಿ ಸ್ಟ್ಯಾಟ್ ಎಂದರೆ ಸ್ಥಿತಿ, ಪಿಐಡಿ ಎಂದರೆ ಪ್ರೊಸೆಸ್ಸಿನ ಸಂಖ್ಯೆ, ಪಿಪಿಐಡಿ ಎಂದರೆ ಪೇರೆಂಟ್‌ನ ಸಂಖ್ಯೆ. ಡಬ್ಲ್ಯೂಚಾನ್ ಎಂಬುದು ಪ್ರೊಸೆಸ್ ಮಲಗಿರುವಾಗ ಕರ್ನಲ್‌ನ ಯಾವ ಫಂಕ್ಷನ್‌ನೊಳಗೆ ಕಾಯುತ್ತಿದೆ ಎಂಬುದನ್ನು ಹೇಳುತ್ತದೆ; ಇತರರ ಪ್ರೊಸೆಸ್‌ಗಳ ವಿಷಯದಲ್ಲಿ ಇದು ಕಾಣಬೇಕಾದರೆ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಓಡಿಸಬೇಕು. ಈ ಎಲ್ಲ ಮಾಹಿತಿ ಬರುವುದು /ಪ್ರಾಕ್ ಎಂಬ ಕಡತ ವ್ಯವಸ್ಥೆಯಿಂದ. ಅಲ್ಲಿ ಪ್ರತಿ ಪಿಐಡಿಗೂ ಒಂದು ಡೈರೆಕ್ಟರಿ ಇದ್ದು, ಅದರೊಳಗಿನ ಸ್ಟೇಟಸ್ ಎಂಬ ಕಡತದಲ್ಲಿ ಸ್ಟೇಟ್ ಎಂಬ ಸಾಲಿನ ಮುಂದೆ ಇದೇ ಅಕ್ಷರ ಇರುತ್ತದೆ.

ನೆನಪಿಡಬೇಕಾದದ್ದೇನೆಂದರೆ, ಕಾಣುವುದು ಒಂದು ಕ್ಷಣದ ಸ್ಥಿತಿ ಮಾತ್ರ. ಟಾಪ್ ಸಾಮಾನ್ಯವಾಗಿ 3 ಸೆಕೆಂಡಿಗೊಮ್ಮೆ ಪರದೆಯನ್ನು ಹೊಸದಾಗಿ ಬರೆಯುತ್ತದೆ, ಆದರೆ ಪ್ರೊಸೆಸ್ ಒಂದು ಸೆಕೆಂಡಿನಲ್ಲಿ ಸಾವಿರಾರು ಬಾರಿ ಸ್ಥಿತಿ ಬದಲಿಸಬಲ್ಲದು. ಒಮ್ಮೆ ನೋಡಿ ತೀರ್ಮಾನಿಸದೆ, ಅದೇ ಪಿಐಡಿ ಅದೇ ಸ್ಥಿತಿಯಲ್ಲೇ ಉಳಿದಿದೆಯೇ ಎಂದು ಮತ್ತೆ ಮತ್ತೆ ನೋಡಬೇಕು.

ಹಂತ 2: ಆರ್ — ಓಡುತ್ತಿರುವುದು, ಅಥವಾ ಓಡಲು ಸರದಿಯಲ್ಲಿರುವುದು

ಲಿನಕ್ಸ್‌ನಲ್ಲಿ ಆರ್ ಎಂದರೆ ಎರಡು ಅರ್ಥ. ಪ್ರೊಸೆಸ್ ಈ ಕ್ಷಣ ಸಿಪಿಯು ಮೇಲೆ ಇರಬಹುದು, ಇಲ್ಲವೇ ಎಲ್ಲ ರೀತಿಯಲ್ಲೂ ಸಿದ್ಧವಾಗಿದ್ದು ತನ್ನ ಸರದಿಗಾಗಿ ಕಾಯುತ್ತಿರಬಹುದು. ಎರಡನ್ನೂ ಕರ್ನಲ್ ಒಂದೇ ಹೆಸರಿನಲ್ಲಿ ಇಟ್ಟಿದೆ. ಹೊರತರುವ ಅಧಿಕಾರ ಶೆಡ್ಯೂಲರ್‌ನದು.

ಯಾವ ಕೆಲಸವೂ ನಡೆಯದ ಯಂತ್ರದಲ್ಲೂ ಟಾಪ್ ಸಾಮಾನ್ಯವಾಗಿ ಒಂದು ಪ್ರೊಸೆಸ್ ಓಡುತ್ತಿದೆ ಎಂದು ತೋರಿಸುತ್ತದೆ; ಅದು ಸ್ವತಃ ಟಾಪ್. ಮಾಹಿತಿ ಓದುವ ಹೊತ್ತಿಗೆ ಅದು ಓಡುತ್ತಲೇ ಇರಬೇಕಲ್ಲ.

ನಾಲ್ಕು ಕೋರ್‌ಗಳ ಯಂತ್ರದಲ್ಲಿ ಆರ್ ಸ್ಥಿತಿಯ ಪ್ರೊಸೆಸ್‌ಗಳು ಮೂರು ನಾಲ್ಕು ಇದ್ದರೆ ಅದು ದುಡಿಯುವ ಯಂತ್ರ, ಅಷ್ಟೇ. ಸತತವಾಗಿ ಹನ್ನೆರಡು ಇದ್ದರೆ ಸರದಿಯ ಸಾಲು ಬೆಳೆದಿದೆ ಎಂದರ್ಥ. ಈ ಸಾಲಿನ ಉದ್ದವನ್ನು ವಿಎಂಸ್ಟ್ಯಾಟ್ 1 ಎಂಬ ಆಜ್ಞೆಯ ಮೊದಲ ಕಾಲಂ ಸೆಕೆಂಡಿಗೊಮ್ಮೆ ಹೇಳುತ್ತದೆ. ಪರೀಕ್ಷಿಸಿ ನೋಡಬೇಕೆನಿಸಿದರೆ «ಯೆಸ್ > /ಡೆವ್/ನಲ್ &» ಎಂದು ಕೋರ್‌ಗಳ ಎರಡರಷ್ಟು ಬಾರಿ ಓಡಿಸಿ; ಎಲ್ಲವೂ ಆರ್ ಎಂದೇ ಕಾಣುತ್ತವೆ, ಆದರೆ ಒಂದೊಂದಕ್ಕೂ ಸಿಗುವುದು ಸರಿಸುಮಾರು ಅರ್ಧ ಸಿಪಿಯು. ಮುಗಿದ ಮೇಲೆ ಕಿಲ್‌ಆಲ್ ಯೆಸ್ ಎಂದು ನಿಲ್ಲಿಸುವುದನ್ನು ಮರೆಯಬಾರದು.

ಹಂತ 3: ಎಸ್ — ಎಬ್ಬಿಸಬಹುದಾದ ನಿದ್ದೆ

ಪಟ್ಟಿಯ ಬಹುಪಾಲು ಪ್ರೊಸೆಸ್‌ಗಳು ಎಸ್ ಸ್ಥಿತಿಯಲ್ಲೇ ಇರುತ್ತವೆ, ಇರಬೇಕಾದದ್ದೂ ಹಾಗೆಯೇ. ವೆಬ್ ಸರ್ವರ್ ಹೊಸ ಸಂಪರ್ಕಕ್ಕಾಗಿ, ಶೆಲ್ ನಾವು ಟೈಪ್ ಮಾಡುವ ಅಕ್ಷರಕ್ಕಾಗಿ, ಟೈಮರ್ ಇಟ್ಟುಕೊಂಡ ಸೇವೆ ತನ್ನ ಹೊತ್ತಿಗಾಗಿ ಕಾಯುತ್ತಿರುತ್ತವೆ. ಕಾಯುತ್ತಿದ್ದ ಘಟನೆ ನಡೆದರೂ ಎಚ್ಚರವಾಗುತ್ತದೆ, ಸಿಗ್ನಲ್ ಬಂದರೂ ಎಚ್ಚರವಾಗುತ್ತದೆ. ಆದ್ದರಿಂದ ಎಸ್ ಸ್ಥಿತಿಯ ಪ್ರೊಸೆಸ್ ಸಾಮಾನ್ಯವಾಗಿ ಕಿಲ್ ಆಜ್ಞೆಗೆ ತಕ್ಷಣ ಸ್ಪಂದಿಸುತ್ತದೆ.

ಆದರೆ ಒಂದು ಅಪ್ಲಿಕೇಶನ್ ಪ್ರತಿಕ್ರಿಯಿಸುತ್ತಿಲ್ಲ, ಟಾಪ್‌ನಲ್ಲಿ ನೋಡಿದರೆ ಎಸ್ ಎಂದಿದೆ ಎಂದುಕೊಳ್ಳೋಣ. ಆಗ ಡಬ್ಲ್ಯೂಚಾನ್ ನೋಡಬೇಕು. ಅದರಲ್ಲಿ ಫ್ಯೂಟೆಕ್ಸ್ ಎಂಬ ಪದ ಇದ್ದರೆ ಪ್ರೊಸೆಸ್ ಯಾವುದೋ ಲಾಕ್‌ಗಾಗಿ ಅಥವಾ ತನ್ನದೇ ಇನ್ನೊಂದು ಥ್ರೆಡ್‌ನ (ಪ್ರೊಸೆಸ್ಸಿನೊಳಗೆ ಸಮಾನಾಂತರವಾಗಿ ಓಡುವ ಎಳೆಯ) ಸೂಚನೆಗಾಗಿ ಕಾಯುತ್ತಿದೆ. ಪೈಪ್ ಎಂದಿದ್ದರೆ ಪೈಪಿನ ಆಚೆ ತುದಿಯ ಪ್ರೊಸೆಸ್ ಸುಮ್ಮನಿದೆ. ಪೋಲ್ ಅಥವಾ ಈಪೋಲ್ ಜಾತಿಯ ಹೆಸರಿದ್ದರೆ ನೆಟ್‌ವರ್ಕ್ ಅಥವಾ ಇನ್ನಾವುದೋ ಫೈಲ್ ಡಿಸ್ಕ್ರಿಪ್ಟರ್‌ಗಳ (ತೆರೆದ ಕಡತ, ಸಂಪರ್ಕಗಳ ಗುರುತುಗಳ) ಕಡೆ ನೋಡುತ್ತಿದೆ. ಇಷ್ಟು ಸಾಲದಿದ್ದರೆ ಎಸ್‌ಟ್ರೇಸ್ -ಪಿ ಎಂದು ಪಿಐಡಿ ಕೊಟ್ಟು ಅಂಟಿಸಿದರೆ ಯಾವ ಸಿಸ್ಟಮ್ ಕಾಲ್‌ನಲ್ಲಿ (ಕರ್ನಲ್‌ಗೆ ಮಾಡಿದ ಕೋರಿಕೆಯಲ್ಲಿ) ನಿಂತಿದೆ ಎಂಬುದು ತಿಳಿಯುತ್ತದೆ.

ಇಲ್ಲಿ ಹಲವರನ್ನು ಗೊಂದಲಕ್ಕೆ ತಳ್ಳುವ ಸಂಗತಿಯೊಂದಿದೆ. ಸಿಪಿಯು 300 ಶೇಕಡಾ ತೋರಿಸುತ್ತಿರುವ ಪ್ರೊಸೆಸ್ಸಿನ ಪಕ್ಕದಲ್ಲೇ ಎಸ್ ಎಂದು ಇರುವುದುಂಟು. ಮಲಗಿರುವುದು ಮೂರು ಕೋರ್ ತಿನ್ನುವುದು ಹೇಗೆ? ಟಾಪ್ ತೋರಿಸುವ ಸಿಪಿಯು ಲೆಕ್ಕ ಎಲ್ಲ ಥ್ರೆಡ್‌ಗಳ ಮೊತ್ತ, ಆದರೆ ತೋರಿಸುವ ಅಕ್ಷರ ಮುಖ್ಯ ಥ್ರೆಡ್ ಒಂದರದ್ದು. ಮುಖ್ಯ ಥ್ರೆಡ್ ಉಳಿದವರು ಮುಗಿಸಲೆಂದು ಮಲಗಿ ಕಾಯುತ್ತದೆ, ದುಡಿಯುವವರು ಬೇರೆ. ಟಾಪ್ ಓಡುತ್ತಿರುವಾಗ ದೊಡ್ಡ ಎಚ್ ಒತ್ತಿದರೆ ಪ್ರತಿ ಥ್ರೆಡ್ ಬೇರೆ ಸಾಲಾಗಿ ಬಂದು ಪ್ರತಿಯೊಂದರ ನಿಜವಾದ ಸ್ಥಿತಿ ಕಾಣುತ್ತದೆ. ಜಾವಾ ಅಪ್ಲಿಕೇಶನ್‌ಗಳನ್ನು ನೋಡುವವರು ಈ ಕೀಲಿಯನ್ನು ಒತ್ತದೆ ಯಾವ ನಿರ್ಧಾರಕ್ಕೂ ಬರಬಾರದು ಎಂಬುದು ನನ್ನ ಅಭಿಪ್ರಾಯ.

ಎಸ್ ಜೊತೆಗೆ ಹೇಳಿ ಮುಗಿಸಬಹುದಾದದ್ದು ಐ. ಕೆವರ್ಕರ್ ಮುಂತಾದ ಕರ್ನಲ್ ಥ್ರೆಡ್‌ಗಳು ಕೆಲಸವಿಲ್ಲದೆ ಕುಳಿತಿರುವುದನ್ನು ಇದು ಸೂಚಿಸುತ್ತದೆ. ಲಿನಕ್ಸ್ 4.14ರಿಂದ ಈ ಅಕ್ಷರ ಬೇರೆಯಾಗಿ ಕಾಣುತ್ತಿದೆ. ಇದು ಲೋಡ್ ಲೆಕ್ಕಕ್ಕೆ ಸೇರುವುದಿಲ್ಲ, ನಾವು ತಲೆಕೆಡಿಸಿಕೊಳ್ಳಬೇಕಾದದ್ದೂ ಇಲ್ಲ.

ಹಂತ 4: ಡಿ — ಎಬ್ಬಿಸಲಾಗದ ನಿದ್ದೆ

ಸಿಸ್ಟಮ್ ಮಾನಿಟರ್‌ನಲ್ಲಿ ನಿಜವಾಗಿ ಎಚ್ಚರಿಕೆಯಿಂದ ನೋಡಬೇಕಾದ ಅಕ್ಷರ ಇದೊಂದೇ ಎಂದರೂ ತಪ್ಪಾಗದು. ಪ್ರೊಸೆಸ್ ಕರ್ನಲ್‌ನೊಳಗೆ ಹೋಗಿ, ಸಾಮಾನ್ಯವಾಗಿ ಡಿಸ್ಕಿನಿಂದ ಅಥವಾ ಎನ್‌ಎಫ್‌ಎಸ್‌ನಂಥ ನೆಟ್‌ವರ್ಕ್ ಸಂಗ್ರಹದಿಂದ ಉತ್ತರ ಬರಲೆಂದು ಕಾಯುತ್ತಿರುತ್ತದೆ, ಮತ್ತು ಆ ಉತ್ತರ ಬರುವವರೆಗೆ ಸಿಗ್ನಲ್‌ಗಳನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಅರ್ಧ ಮುಗಿದ ಕೆಲಸವನ್ನು ನಡುವೆಯೇ ಕೈಬಿಟ್ಟರೆ ಕರ್ನಲ್‌ನ ಒಳಗಿನ ಮಾಹಿತಿ ಹದಗೆಡಬಹುದು ಎಂಬ ಕಾರಣಕ್ಕೆ ಈ ಏರ್ಪಾಡು. ಬಲವಂತವಾಗಿ ಕೊಲ್ಲುವ ಕಿಲ್ -9 ಕೊಟ್ಟರೂ ಆ ಸಿಗ್ನಲ್ ಬಾಗಿಲಲ್ಲಿ ಕಾಯುತ್ತದೆ. ಕರ್ನಲ್ ಕೆಲಸ ಮುಗಿಸಿ ಹೊರಬರುವ ಹೊತ್ತಿಗೆ ಮಾತ್ರ ಅದು ಜಾರಿಯಾಗುತ್ತದೆ. ಹೊರತರುವ ಅಧಿಕಾರ ಆಚೆ ಬದಿಯ ಸಾಧನದ್ದು, ನಮ್ಮದಲ್ಲ.

ಇದಕ್ಕೊಂದು ಮಧ್ಯದ ದಾರಿಯನ್ನು ಲಿನಕ್ಸ್ 2008ರಲ್ಲಿ, 2.6.25ನೇ ಆವೃತ್ತಿಯಲ್ಲಿ ತಂದಿತು. ಕೊಲ್ಲುವ ಸಿಗ್ನಲ್‌ಗೆ ಮಾತ್ರ ಓಗೊಡುವ, ಉಳಿದವುಗಳಿಗೆ ಕಿವುಡಾಗಿರುವ ನಿದ್ದೆ ಅದು. ಮಾನಿಟರ್‌ನಲ್ಲಿ ಇದೂ ಡಿ ಎಂದೇ ಕಾಣುತ್ತದೆ. ಆದ್ದರಿಂದ ಒಂದು ಡಿ ಪ್ರೊಸೆಸ್ ಕಿಲ್ -9ಕ್ಕೆ ಸಾಯುವುದು, ಪಕ್ಕದ ಇನ್ನೊಂದು ಸಾಯದಿರುವುದು ಎರಡೂ ಸಾಧ್ಯ. ಒಮ್ಮೆ ಪ್ರಯತ್ನಿಸಿ ನೋಡುವುದರಲ್ಲಿ ತಪ್ಪಿಲ್ಲ, ಹತ್ತು ಬಾರಿ ಪ್ರಯತ್ನಿಸುವುದರಲ್ಲಿ ಅರ್ಥವಿಲ್ಲ.

ಲೋಡ್ ಆವರೇಜ್‌ನ ಒಗಟು ಬಿಡಿಸಿಕೊಳ್ಳುವುದೂ ಇಲ್ಲಿಯೇ. ಬೇರೆ ಹಲವು ಯುನಿಕ್ಸ್‌ಗಳು ಓಡುವ ಮತ್ತು ಸರದಿಯಲ್ಲಿರುವ ಪ್ರೊಸೆಸ್‌ಗಳನ್ನಷ್ಟೇ ಲೋಡ್‌ಗೆ ಎಣಿಸುತ್ತವೆ. ಲಿನಕ್ಸ್ ಮಾತ್ರ 1993ರ ಒಂದು ಬದಲಾವಣೆಯಿಂದೀಚೆಗೆ ಡಿ ಸ್ಥಿತಿಯವನ್ನೂ ಸೇರಿಸಿಕೊಳ್ಳುತ್ತದೆ. ಎನ್‌ಎಫ್‌ಎಸ್ ಸರ್ವರ್ ಕೈಕೊಟ್ಟು ನಲವತ್ತು ಪ್ರೊಸೆಸ್‌ಗಳು ಡಿಯಲ್ಲಿ ಸಿಕ್ಕಿಕೊಂಡರೆ, ಸಿಪಿಯು ಪೂರ್ತಿ ಬಿಡುವಾಗಿದ್ದರೂ ಲೋಡ್ ನಿಧಾನವಾಗಿ ನಲವತ್ತರತ್ತ ಏರುತ್ತದೆ. ಅಂಥ ಹೊತ್ತಿನಲ್ಲಿ ಕೋರ್‌ಗಳನ್ನು ಹೆಚ್ಚಿಸುವುದು ದುಡ್ಡು ದಂಡ.

ಡಿ ಸ್ಥಿತಿಯನ್ನು ಪತ್ತೆಹಚ್ಚಲು ಈ ಕ್ರಮ ಅನುಸರಿಸಬಹುದು. ಮೊದಲು ಸೆಕೆಂಡಿಗೊಮ್ಮೆ ಸೋಸಿ ನೋಡಿ:

ವೈಲ್ ಸ್ಲೀಪ್ 1; ಡೂ ಪಿಎಸ್ -ಇಓ ಸ್ಟ್ಯಾಟ್,ಪಿಐಡಿ,ಡಬ್ಲ್ಯೂಚಾನ್:32,ಸಿಎಂಡಿ | ಗ್ರೆಪ್ '^ಡಿ'; ಡನ್

ಇಲ್ಲಿ ಉದ್ಧರಣ ಚಿಹ್ನೆಯೊಳಗಿನ ಡಿ ದೊಡ್ಡಕ್ಷರದ್ದು. ಒಂದೊಂದು ಸಲ ಒಂದೊಂದು ಪಿಐಡಿ ಮಿಂಚಿ ಮಾಯವಾಗುತ್ತಿದ್ದರೆ ಅದು ಸಾಮಾನ್ಯ ಡಿಸ್ಕ್ ಓದು ಬರಹ. ಹಾಗೆ ಮಿಂಚುವವುಗಳ ಸಂಖ್ಯೆ ಯಾವಾಗಲೂ ಹೆಚ್ಚಿದ್ದರೆ ಡಿಸ್ಕ್ ಬಳಲಿದೆ; ಐಓಸ್ಟ್ಯಾಟ್ -ಎಕ್ಸ್ 1 ನೋಡಿದರೆ ಯಾವ ಡಿಸ್ಕ್, ಪ್ರತಿ ಕೋರಿಕೆಗೆ ಎಷ್ಟು ಹೊತ್ತು ಕಾಯಿಸುತ್ತಿದೆ ಎಂಬುದು ತಿಳಿಯುತ್ತದೆ. ಅದೇ ಪಿಐಡಿಗಳು ನಿಮಿಷಗಟ್ಟಲೆ ಅಲುಗದೆ ನಿಂತಿದ್ದರೆ ವಿಷಯ ಬೇರೆ. ಆಗ ರೂಟ್ ಆಗಿ ಆ ಪಿಐಡಿಯ ಡೈರೆಕ್ಟರಿಯೊಳಗಿನ ಸ್ಟ್ಯಾಕ್ ಎಂಬ ಕಡತವನ್ನು ಕ್ಯಾಟ್ ಮಾಡಿ. ಅದು ಕರ್ನಲ್‌ನೊಳಗಿನ ಫಂಕ್ಷನ್‌ಗಳ ಸರಪಳಿಯನ್ನು ತೋರಿಸುತ್ತದೆ. ಹೆಸರುಗಳಲ್ಲಿ ಎನ್‌ಎಫ್‌ಎಸ್, ಆರ್‌ಪಿಸಿ, ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಮುಂತಾದವು ಕಂಡರೆ ಯಾವ ಕಡೆಗೆ ಹೋಗಬೇಕೆಂಬುದಕ್ಕೆ ಕರ್ನಲ್ ಪ್ರೋಗ್ರಾಮರ್ ಆಗಿರಬೇಕಾಗಿಲ್ಲ. ಜೊತೆಗೆ ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸ್ಗ್ ನೋಡಿ. ಬಹಳಷ್ಟು ವಿತರಣೆಗಳಲ್ಲಿ ಕರ್ನಲ್‌ನ ಕಾವಲು ಥ್ರೆಡ್ ಒಂದು, 120 ಸೆಕೆಂಡ್ ಕಾಲ ಡಿಯಿಂದ ಅಲುಗದ ಪ್ರೊಸೆಸ್ ಕಂಡರೆ ಅದರ ಹೆಸರು ಮತ್ತು ಸ್ಟ್ಯಾಕ್ ಸಮೇತ ಅಲ್ಲಿ ದೂರು ಬರೆದಿರುತ್ತದೆ. ಡಿಸ್ಕ್ ಹಾಳಾಗುತ್ತಿದ್ದರೆ ಅದರ ದೋಷಗಳೂ ಅಕ್ಕಪಕ್ಕದಲ್ಲೇ ಇರುತ್ತವೆ.

ಪರಿಹಾರ ಪ್ರೊಸೆಸ್ಸಿನ ಬಳಿ ಇಲ್ಲ, ಅದು ಕಾಯುತ್ತಿರುವ ವಸ್ತುವಿನ ಬಳಿ ಇದೆ. ಎನ್‌ಎಫ್‌ಎಸ್ ಸರ್ವರ್ ಅಥವಾ ಅದರ ನೆಟ್‌ವರ್ಕ್ ಮರಳಿ ಬಂದರೆ ಹಾರ್ಡ್ ಮೌಂಟ್‌ನಲ್ಲಿ (ಉತ್ತರ ಬರುವವರೆಗೂ ಬಿಡದೆ ಕಾಯುವ ಜೋಡಣೆಯಲ್ಲಿ) ಸಿಕ್ಕಿಕೊಂಡವು ನಿಲ್ಲಿಸಿದ ಕಡೆಯಿಂದಲೇ ಮುಂದುವರಿಯುತ್ತವೆ. ಸರ್ವರ್ ಬರುವ ಭರವಸೆಯೇ ಇಲ್ಲದಿದ್ದರೆ ಯುಮೌಂಟ್ -ಎಫ್ ಪ್ರಯತ್ನಿಸಬಹುದು. ಯುಮೌಂಟ್ -ಎಲ್ ಮೌಂಟನ್ನು ಕಣ್ಣಿಗೆ ಮರೆ ಮಾಡುತ್ತದೆಯೇ ಹೊರತು ಈಗಾಗಲೇ ಸಿಕ್ಕಿಕೊಂಡ ಪ್ರೊಸೆಸ್ಸನ್ನು ಬಿಡಿಸುವುದಿಲ್ಲ. ಸತ್ತ ಡಿಸ್ಕಿನ ಮುಂದೆ ಕಾಯುತ್ತಿರುವ ಪ್ರೊಸೆಸ್‌ಗೆ ಕೊನೆಗೆ ರೀಬೂಟ್ ಒಂದೇ ದಾರಿಯಾಗಬಹುದು.

ಹಂತ 5: ಟಿ — ನಿಲ್ಲಿಸಲ್ಪಟ್ಟದ್ದು

ಒಂದು ಟರ್ಮಿನಲ್‌ನಲ್ಲಿ ಸ್ಲೀಪ್ 600 ಎಂದು ಓಡಿಸಿ ಕಂಟ್ರೋಲ್ ಮತ್ತು ಝಡ್ ಒಟ್ಟಿಗೆ ಒತ್ತಿ. ಎಸ್ ಇದ್ದದ್ದು ಟಿ ಆಗುತ್ತದೆ. ಎಫ್‌ಜಿ ಅಥವಾ ಬಿಜಿ ಎಂದರೆ ಸಿಗ್‌ಕಾಂಟ್ (ಮುಂದುವರಿ ಎಂಬ ಸಿಗ್ನಲ್) ಹೋಗಿ ಮತ್ತೆ ಚಲಿಸುತ್ತದೆ. ಇಲ್ಲಿ ಅಧಿಕಾರ ಸಿಗ್ನಲ್ ಕಳಿಸುವವರದು. ಸಣ್ಣ ಟಿ ಕಂಡರೆ ಜಿಡಿಬಿಯಂಥ ಡಿಬಗರ್ ಅದನ್ನು ತಡೆಹಿಡಿದಿದೆ ಎಂದು ತಿಳಿಯಬೇಕು.

ಯಾರೂ ನಿಲ್ಲಿಸದೆಯೂ ಟಿ ಬರುವುದುಂಟು. ಹಿನ್ನೆಲೆಗೆ ಕಳಿಸಿದ ಪ್ರೊಸೆಸ್ ಟರ್ಮಿನಲ್‌ನಿಂದ ಓದಲು ಹೊರಟರೆ ಕರ್ನಲ್ ಅದನ್ನು ನಿಲ್ಲಿಸುತ್ತದೆ; «ಕ್ಯಾಟ್ &» ಎಂದು ಕೊಟ್ಟು ನೋಡಿದರೆ ಸಾಕು. ರಾತ್ರಿ ಹಿನ್ನೆಲೆಯಲ್ಲಿ ಬಿಟ್ಟ ಸ್ಕ್ರಿಪ್ಟ್ ಬೆಳಗ್ಗೆ ಟಿಯಲ್ಲಿ ನಿಂತಿದ್ದರೆ, ನಡುವೆ ಅದು ಪಾಸ್‌ವರ್ಡ್ ಅಥವಾ ಹೌದು ಇಲ್ಲ ಎಂಬ ಉತ್ತರ ಕೇಳಿತ್ತೇ ಎಂದು ಮೊದಲು ಅನುಮಾನಿಸಬೇಕು.

ಟಿ ಸ್ಥಿತಿಯ ಪ್ರೊಸೆಸ್‌ಗೆ ಬೇರೊಂದು ಟರ್ಮಿನಲ್‌ನಿಂದ ಪಿಐಡಿ ಕೊಟ್ಟು ಬರೀ ಕಿಲ್ ಎಂದರೆ ಏನೂ ಆಗದಂತೆ ಕಾಣುತ್ತದೆ. ಸಿಗ್‌ಟರ್ಮ್ (ಮುಗಿಸು ಎಂಬ ಸಿಗ್ನಲ್) ತಲುಪಿರುತ್ತದೆ, ಆದರೆ ಪ್ರೊಸೆಸ್ ಮುಂದುವರಿಯುವವರೆಗೆ ಅದು ಬಾಕಿ ಇರುತ್ತದೆ. ಹಿಂದೆಯೇ ಕಿಲ್ -ಕಾಂಟ್ ಕೊಟ್ಟರೆ ಎದ್ದು, ಸಿಗ್‌ಟರ್ಮ್ ಸ್ವೀಕರಿಸಿ, ತನ್ನ ಕಡತಗಳನ್ನು ಸರಿಯಾಗಿ ಮುಚ್ಚಿ ಹೋಗುತ್ತದೆ. ಆತುರದಿಂದ ಕಿಲ್ -9 ಕೊಡುವುದಕ್ಕಿಂತ ಇದು ಮೇಲು. ನಿಂತ ಪ್ರೊಸೆಸ್ ತನ್ನ ಮೆಮೊರಿ, ತೆರೆದ ಕಡತಗಳು, ಹಿಡಿದ ಲಾಕ್‌ಗಳನ್ನು ಹಾಗೆಯೇ ಇಟ್ಟುಕೊಂಡಿರುತ್ತದೆ ಎಂಬುದೂ ಗಮನದಲ್ಲಿರಲಿ. ಡೇಟಾಬೇಸ್ ಟ್ರಾನ್ಸಾಕ್ಷನ್ ನಡುವೆ ಕಂಟ್ರೋಲ್ ಝಡ್ ಒತ್ತಿ ಊಟಕ್ಕೆ ಹೋದರೆ ಉಳಿದವರೆಲ್ಲ ಕಾಯಬೇಕಾಗುತ್ತದೆ.

ಹಂತ 6: ಝಡ್ — ಝಾಂಬಿ

ಹೆಸರು ಭಯ ಹುಟ್ಟಿಸಿದರೂ ಬಿಡಿ ಝಾಂಬಿಯೊಂದು ನಿರುಪದ್ರವಿ. ಪ್ರೊಸೆಸ್ ಮುಗಿದಾಗ ಅದರ ಮೆಮೊರಿ, ಕಡತಗಳು ಎಲ್ಲ ಬಿಡುಗಡೆಯಾಗುತ್ತವೆ. ಯಾವ ಫಲಿತಾಂಶದೊಂದಿಗೆ ಮುಗಿಯಿತು ಎಂಬ ಮಾಹಿತಿ ಇರುವ ಪ್ರೊಸೆಸ್ ಪಟ್ಟಿಯ ನಮೂದೊಂದು ಮಾತ್ರ ಉಳಿಯುತ್ತದೆ. ಪೇರೆಂಟ್ ಪ್ರೊಸೆಸ್ ವೇಟ್ ಎಂಬ ಸಿಸ್ಟಮ್ ಕಾಲ್ ಮೂಲಕ ಅದನ್ನು ಓದಿಕೊಂಡ ಕೂಡಲೇ ನಮೂದು ಅಳಿಯುತ್ತದೆ. ಪೇರೆಂಟ್ ಓದಿಕೊಳ್ಳದಿದ್ದರೆ ಅದು ಝಡ್ ಆಗಿ ಉಳಿಯುತ್ತದೆ. ಕಣ್ಣಾರೆ ನೋಡಲು ಇದನ್ನು ಓಡಿಸಿ:

(ಸ್ಲೀಪ್ 1 & ಎಕ್ಸೆಕ್ ಸ್ಲೀಪ್ 60)

ಒಳಗಿನ ಶೆಲ್ ಮೊದಲ ಸ್ಲೀಪ್‌ಗೆ ಜನ್ಮ ಕೊಟ್ಟು, ತಾನೇ ಎರಡನೆಯ ಸ್ಲೀಪ್ ಆಗಿ ಮಾರ್ಪಡುತ್ತದೆ. ಸ್ಲೀಪ್ ಪ್ರೋಗ್ರಾಮಿಗೆ ತನಗೊಂದು ಚೈಲ್ಡ್ ಇದೆ ಎಂಬುದೇ ಗೊತ್ತಿಲ್ಲ, ಹಾಗಾಗಿ ವೇಟ್ ಕರೆಯುವುದಿಲ್ಲ. ಒಂದು ಸೆಕೆಂಡಿನ ನಂತರ ಬೇರೆ ಟರ್ಮಿನಲ್‌ನಲ್ಲಿ ಪಿಎಸ್ ನೋಡಿದರೆ ಮೊದಲನೆಯದು ಝಡ್ ಸ್ಥಿತಿಯಲ್ಲಿ, ಡಿಫಂಕ್ಟ್ ಎಂಬ ಗುರುತಿನೊಂದಿಗೆ ಕಾಣುತ್ತದೆ. ಅದಕ್ಕೆ ಕಿಲ್ -9 ಕೊಟ್ಟು ನೋಡಿ. ಸತ್ತದ್ದನ್ನು ಮತ್ತೆ ಕೊಲ್ಲಲು ಬರುವುದಿಲ್ಲ. ಪಿಪಿಐಡಿಯಲ್ಲಿರುವ ಪೇರೆಂಟನ್ನು ಕೊಂದರೆ, ಝಾಂಬಿಯನ್ನು ಪಿಐಡಿ 1 (ವ್ಯವಸ್ಥೆಯ ಮೊದಲ ಪ್ರೊಸೆಸ್) ಅಥವಾ ಅದಕ್ಕೆಂದು ನೇಮಕವಾದ ಇನ್ನೊಂದು ಪ್ರೊಸೆಸ್ ದತ್ತು ತೆಗೆದುಕೊಂಡು ವೇಟ್ ಕರೆದು ತೆರವು ಮಾಡುತ್ತದೆ.

ಮಾನಿಟರಿಂಗ್ ವ್ಯವಸ್ಥೆಗಳಲ್ಲಿ ಒಂದು ಝಾಂಬಿ ಕಂಡರೂ ಕೆಂಪು ಎಚ್ಚರಿಕೆ ಬರುವಂತೆ ಇಟ್ಟು, ಡಿ ಸ್ಥಿತಿಗೆ ಯಾವ ಎಚ್ಚರಿಕೆಯನ್ನೂ ಇಡದಿರುವುದು ಸಾಮಾನ್ಯ ರೂಢಿ. ಅದು ತಲೆಕೆಳಗಾದ ಆದ್ಯತೆ. ಝಾಂಬಿಯ ವಿಷಯದಲ್ಲಿ ನೋಡಬೇಕಾದದ್ದು ಸಂಖ್ಯೆ ದಿನೇ ದಿನೇ ಏರುತ್ತಿದೆಯೇ ಎಂಬುದನ್ನು. ಏರುತ್ತಿದ್ದರೆ ಪೇರೆಂಟ್ ಪ್ರೋಗ್ರಾಮಿನಲ್ಲಿ ದೋಷವಿದೆ, ಮತ್ತು ಒಂದು ದಿನ ಪಿಐಡಿ ಸಂಖ್ಯೆಗಳೇ ಮುಗಿದು ಹೊಸ ಪ್ರೊಸೆಸ್ ಹುಟ್ಟದಂತಾಗಬಹುದು. ಬಹುಕಾಲ ರೂಢಿಯಲ್ಲಿದ್ದ ಮಿತಿ 32768. ಕಂಟೇನರ್‌ಗಳಲ್ಲಿ (ಅಪ್ಲಿಕೇಶನ್ನನ್ನು ಪ್ರತ್ಯೇಕಿಸಿ ಓಡಿಸುವ, ಡಾಕರ್‌ನಂಥ ವ್ಯವಸ್ಥೆಗಳಲ್ಲಿ) ಈ ತೊಂದರೆ ಹೆಚ್ಚು, ಏಕೆಂದರೆ ಅಲ್ಲಿ ನಮ್ಮ ಅಪ್ಲಿಕೇಶನ್ನೇ ಪಿಐಡಿ 1 ಆಗಿರುತ್ತದೆ ಮತ್ತು ಅನಾಥ ಪ್ರೊಸೆಸ್‌ಗಳನ್ನು ತೆರವು ಮಾಡುವ ಹೊಣೆ ತನ್ನದೆಂದು ಅದನ್ನು ಬರೆದವರು ಯೋಚಿಸಿರುವುದಿಲ್ಲ. ಡಾಕರ್ ರನ್ ಆಜ್ಞೆಗೆ --ಇನಿಟ್ ಸೇರಿಸಿದರೆ ಆ ಹೊಣೆ ಹೊರುವ ಸಣ್ಣ ಪ್ರೊಸೆಸ್ ಒಂದು ಪಿಐಡಿ 1 ಆಗಿ ನಿಲ್ಲುತ್ತದೆ.

ಹಂತ 7: ಅಕ್ಷರದ ಪಕ್ಕದ ಗುರುತುಗಳು

ಪಿಎಸ್‌ನ ಸ್ಟ್ಯಾಟ್ ಕಾಲಂನಲ್ಲಿ ಮೊದಲ ಅಕ್ಷರದ ನಂತರ ಇನ್ನಷ್ಟು ಗುರುತುಗಳಿರುತ್ತವೆ. ಅಧಿಕ ಚಿಹ್ನೆ (+) ಇದ್ದರೆ ಪ್ರೊಸೆಸ್ ಟರ್ಮಿನಲ್‌ನ ಮುನ್ನೆಲೆಯಲ್ಲಿದೆ. ಸಣ್ಣ ಎಸ್ ಇದ್ದರೆ ಅದು ಸೆಷನ್‌ನ ಮುಖ್ಯಸ್ಥ. ಸಣ್ಣ ಎಲ್ ಇದ್ದರೆ ಹಲವು ಥ್ರೆಡ್‌ಗಳಿವೆ. ದೊಡ್ಡ ಎಲ್ ಇದ್ದರೆ ಮೆಮೊರಿಯ ಕೆಲವು ಪುಟಗಳನ್ನು ಬೀಗ ಹಾಕಿ ಇಟ್ಟುಕೊಂಡಿದೆ. ಎಡಕ್ಕೆ ಬಾಗಿದ ಕೋನ ಚಿಹ್ನೆ ಹೆಚ್ಚಿನ ಆದ್ಯತೆಯನ್ನು, ದೊಡ್ಡ ಎನ್ ಕಡಿಮೆ ಆದ್ಯತೆಯನ್ನು ಸೂಚಿಸುತ್ತವೆ. ಇವುಗಳಲ್ಲಿ ಪತ್ತೇದಾರಿಗೆ ಹೆಚ್ಚು ನೆರವಾಗುವುದು ಸಣ್ಣ ಎಲ್: ಅದು ಕಂಡರೆ ಮೂರನೆಯ ಹಂತದಲ್ಲಿ ಹೇಳಿದಂತೆ ಥ್ರೆಡ್‌ಗಳನ್ನು ಬಿಡಿಸಿ ನೋಡಬೇಕು. ದೊಡ್ಡ ಝಡ್ ಪಕ್ಕದಲ್ಲಿ ಸಣ್ಣ ಎಲ್ ಬಂದರೆ ಅದು ನಿಜವಾದ ಝಾಂಬಿ ಅಲ್ಲದಿರಬಹುದು. ಮುಖ್ಯ ಥ್ರೆಡ್ ಮಾತ್ರ ಮುಗಿದು ಉಳಿದ ಥ್ರೆಡ್‌ಗಳು ಇನ್ನೂ ಓಡುತ್ತಿರುವ ಸಾಧ್ಯತೆಯಿದೆ.

ಬೇರೆ ಯುನಿಕ್ಸ್‌ಗಳಲ್ಲಿ

ಅಕ್ಷರಗಳು ಒಂದೇ ಇದ್ದರೂ ಅರ್ಥ ಬದಲಾಗುವುದುಂಟು. ಫ್ರೀಬಿಎಸ್‌ಡಿ ಮತ್ತು ಮ್ಯಾಕ್‌ಓಎಸ್‌ನ ಪಿಎಸ್‌ನಲ್ಲಿ ಐ ಎಂದರೆ ಕರ್ನಲ್ ಥ್ರೆಡ್ ಅಲ್ಲ, ಸುಮಾರು 20 ಸೆಕೆಂಡಿಗಿಂತ ಹೆಚ್ಚು ಹೊತ್ತು ಮಲಗಿರುವ ಸಾಮಾನ್ಯ ಪ್ರೊಸೆಸ್. ಅದಕ್ಕಿಂತ ಕಡಿಮೆ ಹೊತ್ತು ಮಲಗಿದ್ದರೆ ಎಸ್. ಲಿನಕ್ಸ್ ಮತ್ತು ಫ್ರೀಬಿಎಸ್‌ಡಿಯಲ್ಲಿ ಡಿ ಎಂದು ಕಾಣುವ ಎಬ್ಬಿಸಲಾಗದ ನಿದ್ದೆಗೆ ಮ್ಯಾಕ್‌ಓಎಸ್ ಯು ಎಂಬ ಅಕ್ಷರ ಬಳಸುತ್ತದೆ, ಆದ್ದರಿಂದ ಮೇಲೆ ಕೊಟ್ಟ ಗ್ರೆಪ್ ಸಾಲು ಅಲ್ಲಿ ಹಾಗೆಯೇ ನಡೆಯುವುದಿಲ್ಲ. ಸೊಲಾರಿಸ್‌ನಲ್ಲಿ ಲಿನಕ್ಸ್ ಬೆರೆಸಿಬಿಟ್ಟ ಎರಡು ಸಂಗತಿಗಳು ಬೇರೆಯಾಗಿಯೇ ಇವೆ: ಸಿಪಿಯು ಮೇಲಿರುವುದು ಓ, ಸರದಿಯಲ್ಲಿರುವುದು ಆರ್. ಫ್ರೀಬಿಎಸ್‌ಡಿಯ ಟಾಪ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಲಗಿರುವ ಪ್ರೊಸೆಸ್‌ಗಳಿಗೆ ಒಂದಕ್ಷರದ ಬದಲು ಸೆಲೆಕ್ಟ್, ಕೆಕ್ಯೂರೀಡ್, ನ್ಯಾನ್‌ಸ್ಲಿಪ್ ಎಂಬಂತೆ ಕಾಯುತ್ತಿರುವ ಕಾರಣದ ಹೆಸರನ್ನೇ ಸ್ಟೇಟ್ ಕಾಲಂನಲ್ಲಿ ಬರೆಯುತ್ತದೆ. ಲಿನಕ್ಸ್‌ನಲ್ಲಿ ಡಬ್ಲ್ಯೂಚಾನ್ ಕೇಳಿ ಪಡೆಯಬೇಕಾದ ಮಾಹಿತಿ ಅಲ್ಲಿ ಮೊದಲ ನೋಟಕ್ಕೇ ಸಿಗುತ್ತದೆ.